ಚಾಳೀಸು: ನಲವತ್ತು ದಾಟಿದವರ ಕೈಗೆ ಕೆಲಸ ಉಳಿಸುವ ಕನ್ನಡಕ

ಈ ಪತ್ರಿಕೆಯನ್ನು ನೀವು ಈಗ ಎಷ್ಟು ದೂರದಲ್ಲಿ ಹಿಡಿದು ಓದುತ್ತಿದ್ದೀರಿ? ಒಮ್ಮೆ ಗಮನಿಸಿ. ಮೊಣಕೈ ಮಡಚಿ, ಮುಖದಿಂದ ಒಂದೂಕಾಲು ಅಡಿ ದೂರದಲ್ಲಿ ಹಿಡಿದಿದ್ದರೆ ಚಿಂತೆಯಿಲ್ಲ. ಅಕ್ಷರ ಸ್ಪಷ್ಟವಾಗಲೆಂದು ತೋಳನ್ನು ಉದ್ದಕ್ಕೆ ಚಾಚಿ, ಬಾಗಿಲ ಬೆಳಕಿನತ್ತ ತಿರುಗಿ, ಹುಬ್ಬು ಗಂಟಿಕ್ಕಿ ಓದುತ್ತಿದ್ದರೆ ಮಾತ್ರ ಇಂದಿನ ಅಂಕಣ ನಿಮಗಾಗಿಯೇ ಬರೆದದ್ದು ಎಂದು ತಿಳಿಯಿರಿ. ನಿಮ್ಮ ವಯಸ್ಸು ನಲವತ್ತರ ಆಚೆಗಿದೆ ಎಂದು ಕೇಳದೆಯೇ ಹೇಳಬಹುದು.

ನಮ್ಮ ಕಡೆಯ ಹಿರಿಯರು ಕನ್ನಡಕಕ್ಕೆ ಇಟ್ಟ ಹೆಸರೇ ಈ ವಯಸ್ಸನ್ನು ಹೇಳುತ್ತದೆ. ಬಾಗಲಕೋಟೆ, ಹುನಗುಂದದ ಮನೆಗಳಲ್ಲಿ ಅಜ್ಜಂದಿರು 'ನನ್ನ ಚಾಳೀಸು ಎಲ್ಲೈತಿ?' ಎಂದು ಹುಡುಕುವುದನ್ನು ಕೇಳಿದವರು ಅನೇಕರಿರಬೇಕು. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ನಲವತ್ತಕ್ಕೆ ಬರುವುದು 'ಚಾಳಿಶಿ'. ವೈದ್ಯಶಾಸ್ತ್ರ ಇದನ್ನು 'ಪ್ರೆಸ್‌ಬಯೋಪಿಯಾ' ಎನ್ನುತ್ತದೆ. ನಾವು ಚಾಳೀಸು ಎಂದು ಕರೆಯುತ್ತೇವೆ. ಇದು ರೋಗವಲ್ಲ. ತಲೆಕೂದಲು ನೆರೆಯುವಂತೆ ಎಲ್ಲರಿಗೂ ಬರುವ ಬದಲಾವಣೆ. ಆದರೆ ಕೂದಲು ನೆರೆತರೆ ಯಾರ ಕೂಲಿಯೂ ಕಡಿಮೆಯಾಗುವುದಿಲ್ಲ. ಹತ್ತಿರದ ನೋಟ ಮಸುಕಾದರೆ ಆಗುತ್ತದೆ. ಅದರಲ್ಲಿಯೂ ಎಳೆ ಎಣಿಸಿ ಬದುಕುವ ಊರುಗಳಲ್ಲಿ.

ಇಳಕಲ್ ಸೀರೆಯನ್ನೇ ನೋಡಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ 'ತೊಪೆ ತೇಣಿ' ಎನ್ನುತ್ತಾರೆ. ಇಳಕಲ್ ಸೀರೆಯ ಗುರುತೇ ಅದು. ಒಂದು ಎಳೆ ತಪ್ಪಿದರೂ ಅದು ಸೆರಗಿನ ಅಂಚಿನಲ್ಲಿ ಎದ್ದು ಕಾಣುತ್ತದೆ. ನೇಯುವಾಗ ಹಾಸಿನ ಎಳೆ ಹರಿದರೆ ಅದರ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸಂದಿನೊಳಗೆ ಪೋಣಿಸಬೇಕು. ಗುಳೇದಗುಡ್ಡದ ಖಣ, ಕಮತಗಿ ಮತ್ತು ಸೂಳೇಬಾವಿಯ ಮಗ್ಗಗಳು, ಮನೆಯ ಪಡಸಾಲೆಯಲ್ಲಿ ಕುಳಿತು ಕಸೂತಿ ಹಾಕುವ ಹೆಣ್ಣುಮಕ್ಕಳು, ಎಲ್ಲರ ಕಥೆಯೂ ಇದೇ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ ಮೂಡಬೇಕು. ಚಂದ್ರಕಾಳಿಯಂಥ ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದು ಎಳೆಯ ಕಣ್ಣಿಗೂ ಕಷ್ಟ.

ಇಂಥ ಮನೆಯಲ್ಲಿ ನಲವತ್ತೈದರ ಸುಮಾರಿಗೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ. 'ತಂಗೀ, ಸೂಜ್ಯಾಗ ಇಷ್ಟ ದಾರ ಹಾಕಿ ಕೊಡವಾ' ಎಂದು ತಾಯಿ ಮಗಳನ್ನು ಕರೆಯತೊಡಗುತ್ತಾಳೆ. ಹರಿದ ಎಳೆ ಹುಡುಕಲು ನೇಕಾರನಿಗೆ ಮೊದಲಿಗಿಂತ ಎರಡರಷ್ಟು ಹೊತ್ತು ಬೇಕಾಗುತ್ತದೆ. ಸಂಜೆ ಬೆಳಕು ಇಳಿದ ಕೂಡಲೇ ಮಗ್ಗ ನಿಲ್ಲುತ್ತದೆ. ತಲೆನೋವು, ಕಣ್ಣು ಉರಿ, ಕಣ್ಣೀರು. ಬಟ್ಟೆಯಲ್ಲಿ ಲೋಪ ಕಂಡಿತೆಂದು ಮಜೂರಿ ಕಡಿತ. ಕೊನೆಗೆ 'ಇನ್ನು ನನ್ನ ಕೈಲಿ ಆಗೂದಿಲ್ಲ' ಎಂದು ಕುಣಿ ಮಗ್ಗದಿಂದ ಎದ್ದು ಕಂಡಿಕೆ ಸುತ್ತುವ ಕೆಲಸಕ್ಕೆ ಕೂರುವುದು. ಮೂವತ್ತು ವರ್ಷದ ಕಸುಬು ಕೈಯಲ್ಲಿ ಹಾಗೆಯೇ ಇರುತ್ತದೆ. ಬೆರಳಿಗೆ ಏನೂ ಆಗಿಲ್ಲ. ಕೊರತೆಯಾಗಿರುವುದು ಎರಡು ಗಾಜಿನ ಬಿಲ್ಲೆಗಳದು ಮಾತ್ರ.

ಕಣ್ಣಿನೊಳಗೆ ಆಗುವುದೇನು?

ನಮ್ಮ ಕಣ್ಣು ಕ್ಯಾಮೆರಾದಂತೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮುಂದೆ ಗಡಿಯಾರದ ಗಾಜಿನಂತಿರುವ ಕಾರ್ನಿಯಾ, ಅದರ ಹಿಂದೆ ಪಾಪೆಯ ರಂಧ್ರ, ಆಮೇಲೆ ಒಂದು ಮಸೂರ, ಹಿಂಬದಿಯಲ್ಲಿ ಚಿತ್ರ ಮೂಡುವ ಅಕ್ಷಿಪಟಲ. ಬೆಳಕಿನ ಕಿರಣಗಳನ್ನು ಬಗ್ಗಿಸುವ ಕೆಲಸದ ಮೂರರಲ್ಲಿ ಎರಡು ಪಾಲನ್ನು ಕಾರ್ನಿಯಾವೇ ಮಾಡುತ್ತದೆ. ಆದರೆ ಅದರ ಶಕ್ತಿ ಬದಲಾಗದು. ದೂರದ ಗುಡ್ಡವನ್ನು ನೋಡಿ ಮರುಕ್ಷಣವೇ ಕೈಯಲ್ಲಿರುವ ಸೂಜಿಯನ್ನು ನೋಡುವಾಗ ಹೊಂದಿಸಿಕೊಳ್ಳಬೇಕಾದದ್ದು ಒಳಗಿನ ಮಸೂರ. ಅದರ ಸುತ್ತ ಉಂಗುರದಂತಿರುವ ಸ್ನಾಯು ಬಿಗಿಯಾದಾಗ, ಮಸೂರವನ್ನು ಎಳೆದು ಹಿಡಿದ ಸಣ್ಣ ನಾರುಗಳು ಸಡಿಲಗೊಂಡು ಮಸೂರ ಉಬ್ಬುತ್ತದೆ. ಉಬ್ಬಿದಷ್ಟೂ ಹತ್ತಿರದ ವಸ್ತು ಸ್ಪಷ್ಟ.

ಈ ಮಸೂರ ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಬೆಳೆಯುತ್ತದೆ, ಜೀವಮಾನವಿಡೀ. ಹಳೆಯ ಪದರಗಳು ಉದುರಿ ಹೋಗುವುದಿಲ್ಲ. ಒಳಗೇ ಅದುಮಿಕೊಂಡು ಗಟ್ಟಿಯಾಗುತ್ತವೆ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ಹತ್ತಿರ ಹಿಡಿದ ಅಕ್ಷರವನ್ನೂ ಓದಬಲ್ಲದು. ನಲವತ್ತಕ್ಕೆ ಆ ಅಂತರ ಇಪ್ಪತ್ತು-ಇಪ್ಪತ್ತೈದು ಸೆಂಟಿಮೀಟರಿಗೆ ಸರಿಯುತ್ತದೆ. ಐವತ್ತಕ್ಕೆ ಸುಮಾರು ಅರ್ಧ ಮೀಟರ್. ಅರವತ್ತಕ್ಕೆ ಒಂದು ಮೀಟರ್. ತೋಳು ಅಷ್ಟು ಉದ್ದವಿಲ್ಲವಲ್ಲ! ಎಷ್ಟೇ ಕಣ್ಣಿನ ವ್ಯಾಯಾಮ ಮಾಡಿದರೂ ಗಟ್ಟಿಯಾದ ಮಸೂರ ಮತ್ತೆ ಮೆದುವಾಗದು. ಕ್ಯಾರೆಟ್ ತಿಂದರೂ ಅಷ್ಟೇ. ಅದರಲ್ಲಿರುವ ಎ ಜೀವಸತ್ವ ಇರುಳುಗುರುಡನ್ನು ತಡೆಯುತ್ತದೆ ಎಂಬುದು ನಿಜ, ಚಾಳೀಸಿಗೂ ಅದಕ್ಕೂ ಸಂಬಂಧವಿಲ್ಲ. ಜೇನುತುಪ್ಪ, ಹರಳೆಣ್ಣೆ, ಈರುಳ್ಳಿ ರಸ ಕಣ್ಣಿಗೆ ಬಿಡುವವರು ಇನ್ನೂ ಇದ್ದಾರೆ. ಅದರಿಂದ ಕಾರ್ನಿಯಾಕ್ಕೆ ಹುಣ್ಣಾಗಿ ಇದ್ದ ನೋಟವೂ ಹೋಗಬಹುದು. 2024ರಲ್ಲಿ ಓದುವ ಕನ್ನಡಕವೇ ಬೇಡವೆನ್ನುವ ಒಂದು ಕಣ್ಣಿನ ಹನಿ ದೇಶದಾದ್ಯಂತ ಸುದ್ದಿಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಣ ಪ್ರಾಧಿಕಾರ ಅದರ ಪ್ರಚಾರದ ರೀತಿಗೆ ಆಕ್ಷೇಪಿಸಿ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಇಂಥ ಹನಿಗಳು ಪಾಪೆಯನ್ನು ಸಣ್ಣದು ಮಾಡಿ ಕೆಲವು ಗಂಟೆಗಳ ಕಾಲ ಹತ್ತಿರದ ನೋಟ ತಿಳಿಯಾಗುವಂತೆ ಮಾಡುತ್ತವೆ, ಅಷ್ಟೆ. ಪಾಪೆ ಸಣ್ಣದಾದರೆ ಒಳಗೆ ಹೋಗುವ ಬೆಳಕೂ ಕಡಿಮೆ ಎಂಬುದನ್ನು ಮಗ್ಗದ ಮನೆಯವರು ಮರೆಯಬಾರದು.

ಮಸೂರ ತಾನೇ ಉಬ್ಬಲಾರದಾದಾಗ ಆ ಉಬ್ಬನ್ನು ಹೊರಗಿನಿಂದ ಕೊಡುವುದೇ ಕನ್ನಡಕ. ಉಬ್ಬು ಮಸೂರ ಎಂದರೆ 'ಪ್ಲಸ್' ನಂಬರು.

ಏಳು ನೂರು ವರ್ಷಗಳ ಹಳೆಯ ಉಪಾಯ

ಓದುವ ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 13ನೇ ಶತಮಾನದ ಕೊನೆಗೆ. 1306ರಲ್ಲಿ ಅಲ್ಲಿಯ ಪಾದ್ರಿಯೊಬ್ಬರು ಉಪದೇಶ ಮಾಡುತ್ತ, ಕನ್ನಡಕದ ವಿದ್ಯೆ ಬಂದು ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ ಎಂದು ಹೇಳಿದ ದಾಖಲೆಯಿದೆ. ಮೊದಲು ಬಂದದ್ದು ಉಬ್ಬು ಮಸೂರವೇ, ಅಂದರೆ ಚಾಳೀಸೇ. ದೂರ ಕಾಣದವರಿಗೆ ಬೇಕಾದ ತಗ್ಗು ಮಸೂರ ಬಂದದ್ದು ಆಮೇಲೆ, 15ನೇ ಶತಮಾನದಲ್ಲಿ.

ಭಾರತದಲ್ಲಿ ಕನ್ನಡಕದ ಆರಂಭದ ಉಲ್ಲೇಖಗಳಲ್ಲೊಂದು ನಮ್ಮ ನೆಲದ್ದೇ ಎಂಬುದು ಅನೇಕರಿಗೆ ತಿಳಿಯದು. ವಿಜಯನಗರದಲ್ಲಿದ್ದ ವ್ಯಾಸರಾಯರ ಜೀವನವನ್ನು ಕುರಿತು ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ 'ವ್ಯಾಸಯೋಗಿಚರಿತ'ದಲ್ಲಿ ವ್ಯಾಸರಾಯರು 'ಉಪಲೋಚನಗೋಲಕ' ಧರಿಸಿ ಗ್ರಂಥ ಓದುತ್ತಿದ್ದ ಮಾತು ಬರುತ್ತದೆ. ವಿದ್ವಾಂಸ ಪಿ.ಕೆ. ಗೋಡೆ ಇದನ್ನು ಗುರುತಿಸಿ, ಕಾಲವನ್ನು ಸುಮಾರು 1520 ಎಂದು ಲೆಕ್ಕ ಹಾಕಿದರು. ಆಗ ಗೋವೆಯಲ್ಲಿ ಪೋರ್ಚುಗೀಸರು ನೆಲೆಯೂರಿದ್ದರು. ರಾಜಗುರುವಿಗೆ ಸಿಕ್ಕ ಆ ವಸ್ತು ಇಂದು ಸಂತೆಯಲ್ಲಿ ಸಿಗುತ್ತದೆ.

ಸಂತೆಯ ಕನ್ನಡಕದ ಮಾತಿಗೆ ಆಮೇಲೆ ಬರೋಣ. ಅದಕ್ಕೆ ಮುಂಚೆ ಬೀಳಗಿಯವರೇ ಆದ ಡಾ. ಎಂ.ಸಿ. ಮೋದಿಯವರನ್ನು ನೆನೆಯದೆ ಈ ಜಿಲ್ಲೆಯ ಕಣ್ಣಿನ ಕಥೆ ಮುಂದೆ ಸಾಗದು. ಮುರಿಗೆಪ್ಪ ಚನ್ನವೀರಪ್ಪ ಮೋದಿ ಊರಿಂದೂರಿಗೆ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆ ತೆಗೆಯುತ್ತಿದ್ದ ವೈದ್ಯರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಗೌರವ ಪಡೆದ ಅವರು ತೀರಿಕೊಂಡದ್ದು 2005ರಲ್ಲಿ. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಬಿಡುತ್ತಿದ್ದರು, ಬದಲಿ ಮಸೂರ ಇಡುವ ಪದ್ಧತಿ ಇರಲಿಲ್ಲ. ಹೀಗಾಗಿ ಕಣ್ಣು ಬಂದವರೆಲ್ಲರ ಮೂಗಿನ ಮೇಲೂ ಪ್ಲಸ್ ಹತ್ತರ ಸುಮಾರಿನ ದಪ್ಪ ಗಾಜು ಕೂರುತ್ತಿತ್ತು. ಜನ ಅದನ್ನು ಸೋಡಾ ಬಾಟಲಿ ಕನ್ನಡಕ ಎಂದರು. ಅದರಲ್ಲಿ ವಸ್ತುಗಳು ಕಾಲು ಪಾಲಿಗೂ ಹೆಚ್ಚು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ್ದು ಕಾಣುತ್ತಿರಲಿಲ್ಲ, ಮೆಟ್ಟಿಲು ಇಳಿಯುವುದು ಸಾಹಸವೇ ಆಗಿತ್ತು. ಕನ್ನಡಕ ಒಡೆದರೆ ಮತ್ತೆ ಕುರುಡು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಕಣ್ಣಿನೊಳಗೆ ಕೃತಕ ಮಸೂರ ಕೂಡಿಸಿದ್ದರಾದರೂ ಅದು ನಮ್ಮ ಬಡವರಿಗೆ ದಕ್ಕಲು ದಶಕಗಳೇ ಬೇಕಾದವು. ಮದುರೈಯ ಅರವಿಂದ ಆಸ್ಪತ್ರೆಯವರು 1992ರಲ್ಲಿ ಆರಂಭಿಸಿದ ಆರೋಲ್ಯಾಬ್ ಕಡಿಮೆ ಬೆಲೆಗೆ ಈ ಮಸೂರ ತಯಾರಿಸತೊಡಗಿದ ಮೇಲೆ ಸೋಡಾ ಬಾಟಲಿ ಕನ್ನಡಕಗಳು ಬೀದಿಯಿಂದ ಮರೆಯಾದವು. ಇಲ್ಲೊಂದು ವಿಷಯ. ಸಾಮಾನ್ಯವಾಗಿ ಹಾಕುವ ಒಳಮಸೂರವೂ ಉಬ್ಬಲಾರದು. ಆದುದರಿಂದ ಪೊರೆಯ ಶಸ್ತ್ರಚಿಕಿತ್ಸೆಯಾದ ನಂತರವೂ ಓದಲು, ಹೊಲಿಯಲು ಸಾದಾ ಚಾಳೀಸು ಬೇಕಾಗುತ್ತದೆ. 'ಆಪರೇಷನ್ ಮಾಡಿಸಿದರೂ ಅಕ್ಷರ ಕಾಣೂದಿಲ್ಲ' ಎಂದು ಬೇಸರಿಸುವವರು ಇದನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಕೂಲಿಯ ಲೆಕ್ಕ

ಕನ್ನಡಕ ಹಾಕಿದರೆ ಕೆಲಸ ಹೆಚ್ಚುವುದೇ ಎಂಬುದನ್ನು ಅಂದಾಜಿಗೆ ಬಿಡದೆ ಅಳೆದು ನೋಡಿದವರಿದ್ದಾರೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಓದುವ ಕನ್ನಡಕ ಕೊಟ್ಟರು. ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಪ್ರತಿದಿನ ಕಿತ್ತ ಎಲೆಯ ತೂಕ ಹೇಗೂ ಬರೆದಿಡುವುದರಿಂದ ಲೆಕ್ಕ ಸುಲಭ. ಕನ್ನಡಕ ಹಾಕಿದವರ ಕೆಲಸ ಇನ್ನೊಂದು ಗುಂಪಿಗಿಂತ ಶೇಕಡಾ 21.7ರಷ್ಟು ಹೆಚ್ಚಿತು. ಐವತ್ತು ದಾಟಿದವರಲ್ಲಿ ಇನ್ನೂ ಹೆಚ್ಚು, ಶೇಕಡಾ 31.6. ಇದು 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ 824 ಜನರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಇಂಥದೇ ಅಧ್ಯಯನದಲ್ಲಿ, ಎಂಟು ತಿಂಗಳ ನಂತರ ಕನ್ನಡಕ ಪಡೆದವರ ತಿಂಗಳ ಆದಾಯ ಪಡೆಯದವರಿಗಿಂತ ಮೂರನೇ ಒಂದರಷ್ಟು ಹೆಚ್ಚಿತ್ತು.

ಚಹಾ ಎಲೆ ಕೀಳುವುದಕ್ಕಿಂತ ಹರಿದ ಹಾಸಿನ ಎಳೆ ಹುಡುಕುವುದು ಸೂಕ್ಷ್ಮದ ಕೆಲಸ. ಅಲ್ಲಿ ಅಷ್ಟು ಲಾಭವಿದ್ದರೆ ಮಗ್ಗದ ಮುಂದೆ ಅದಕ್ಕಿಂತ ಕಡಿಮೆ ಇರಲಾರದು ಎಂದು ನನಗೆ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ಬರೀ ಚಾಳೀಸು ಇಲ್ಲದ ಕಾರಣಕ್ಕೆ ಹತ್ತಿರದ ನೋಟ ಕುಂದಿದವರು ಜಗತ್ತಿನಲ್ಲಿ 82 ಕೋಟಿ 60 ಲಕ್ಷ.

ನಂಬರು ಎಂದರೇನು?

ವೈದ್ಯರು ಕೊಟ್ಟ ಚೀಟಿಯನ್ನು ಹಾಗೆಯೇ ಅಂಗಡಿಗೆ ಒಪ್ಪಿಸಿ ಬರುವವರೇ ಹೆಚ್ಚು. ಅದರಲ್ಲಿರುವುದನ್ನು ತಿಳಿಯುವುದು ಕಷ್ಟವಲ್ಲ. 'ಎಸ್‌ಪಿಎಚ್' ಎಂಬ ಸಾಲಿನಲ್ಲಿ ಮೈನಸ್ ಇದ್ದರೆ ದೂರದ್ದು ಕಾಣದ ಕಣ್ಣು, ಪ್ಲಸ್ ಇದ್ದರೆ ಅದಕ್ಕೆ ವಿರುದ್ಧ. 'ಸಿವೈಎಲ್', 'ಆಕ್ಸಿಸ್' ಎಂಬಲ್ಲಿ ಅಂಕಿಯಿದ್ದರೆ ಕಾರ್ನಿಯಾ ಒಂದು ದಿಕ್ಕಿಗೆ ಹೆಚ್ಚು ಬಾಗಿದೆ ಎಂದರ್ಥ. ಗೆರೆಗಳು ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಸುಕಾಗಿ ಕಾಣುವುದು ಇದರಿಂದ. 'ಆಡ್' ಎಂದು ಬರೆದದ್ದೇ ಚಾಳೀಸಿನ ನಂಬರು. ನಲವತ್ತು ದಾಟಿದಾಗ ಸಾಮಾನ್ಯವಾಗಿ ಒಂದರಿಂದ ಶುರುವಾಗಿ, ಅರವತ್ತರ ಹೊತ್ತಿಗೆ ಎರಡೂವರೆಗೆ ಬಂದು ನಿಲ್ಲುತ್ತದೆ.

ಈ ನಂಬರಿನ ಲೆಕ್ಕ ಬಹಳ ಸರಳ. ಒಂದು ಮೀಟರನ್ನು ನಂಬರಿನಿಂದ ಭಾಗಿಸಿ. ಪ್ಲಸ್ ಒಂದು ನಂಬರಿನ ಗಾಜು ಒಂದು ಮೀಟರ್ ದೂರದ ವಸ್ತುವಿಗೆ ಹೊಂದುತ್ತದೆ, ಪ್ಲಸ್ ಎರಡು ಅರ್ಧ ಮೀಟರಿಗೆ. ಇದರ ಇನ್ನೊಂದು ಮಗ್ಗುಲು ನೇಕಾರರಿಗೆ ಬಹಳ ಮುಖ್ಯ. ದೂರದ ನೋಟ ಸರಿಯಿರುವ ಒಬ್ಬರು ಪ್ಲಸ್ ಎರಡರ ಕನ್ನಡಕ ಹಾಕಿಕೊಂಡರೆ ಅರ್ಧ ಮೀಟರಿನ ಈಚೆಗಿನದು ಸ್ಪಷ್ಟ, ಆಚೆಗಿನದೆಲ್ಲ ಮಸುಕು. ಪತ್ರಿಕೆ ಓದುವ ಅಂತರ 40 ಸೆಂಟಿಮೀಟರ್. ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಷರದ ಕಾರ್ಡು ಹಿಡಿಸಿ ನಂಬರು ತೆಗೆಯುವುದೂ ಈ ಅಂತರಕ್ಕೇ. ಆದರೆ ಕುಣಿ ಮಗ್ಗದಲ್ಲಿ ಕುಳಿತವರ ಕಣ್ಣಿಗೂ ಬಟ್ಟೆಗೂ ನಡುವೆ ಎರಡು ಅಡಿ ಇದ್ದರೆ, ಓದಲು ಕೊಟ್ಟ ಕನ್ನಡಕದಲ್ಲಿ ಬಟ್ಟೆಯೇ ಮಂಜು ಮಂಜು. 'ಕನ್ನಡಕ ಮಾಡಿಸಿದೆ, ಏನೂ ಉಪಯೋಗ ಆಗಲಿಲ್ಲ' ಎಂದು ಅದನ್ನು ಗೂಡಿನಲ್ಲಿಟ್ಟವರ ಸಮಸ್ಯೆ ಅನೇಕ ವೇಳೆ ಇದೇ. ಕಣ್ಣೂ ಸರಿಯಿದೆ, ಕನ್ನಡಕವೂ ಸರಿಯಿದೆ. ಅಂತರ ಮಾತ್ರ ಬೇರೆ. ಅವರಿಗೆ ಮಗ್ಗಕ್ಕೆ ಸ್ವಲ್ಪ ಕಡಿಮೆ ನಂಬರಿನ ಇನ್ನೊಂದು ಕನ್ನಡಕ ಬೇಕು.

ಇದಕ್ಕೊಂದು ಸುಲಭ ಉಪಾಯವಿದೆ. ಮಗ್ಗದಲ್ಲಿ ಎಂದಿನಂತೆ ಕುಳಿತು, ಮನೆಯವರಿಂದ ಒಂದು ದಾರವನ್ನು ನಿಮ್ಮ ಹುಬ್ಬಿನಿಂದ ನೇಯುತ್ತಿರುವ ಬಟ್ಟೆಯವರೆಗೆ ಹಿಡಿಸಿ, ಅಲ್ಲೊಂದು ಗಂಟು ಹಾಕಿಸಿ. ಎಳೆ ಹರಿದಾಗ ನೋಡುವ ಜಾಗದವರೆಗೆ ಅಳೆದು ಇನ್ನೊಂದು ಗಂಟು. ಕಣ್ಣು ತೋರಿಸಲು ಹೋಗುವಾಗ ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, 'ನನ್ನ ಕೆಲಸ ಇಷ್ಟು ದೂರದಲ್ಲಿ' ಎಂದು ತೋರಿಸಿ. ಟೇಲರುಗಳಿಗೆ, ಅಕ್ಕಸಾಲಿಗರಿಗೆ, ಕಸೂತಿ ಹಾಕುವವರಿಗೆ, ಕಂಪ್ಯೂಟರ್ ಮುಂದೆ ಕೂರುವವರಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲರಿಗೂ ಒಂದೇ ಅಂತರವಲ್ಲ.

ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಇರುವ ಬೈಫೋಕಲ್ ಗಾಜು ಪೇಟೆಯಲ್ಲಿ ಓಡಾಡುವವರಿಗೆ, ಶಿಕ್ಷಕರಿಗೆ ಅನುಕೂಲ. ಕಲಿತುಕೊಳ್ಳಲು ಒಂದೆರಡು ವಾರ ಬೇಕು. ಮೆಟ್ಟಿಲು ಇಳಿಯುವಾಗ ಕೆಳಗಿನ ಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗಿ ಎಡವುವ ಭಯವಿರುವುದರಿಂದ ಗದ್ದ ತಗ್ಗಿಸಿ ಮೇಲಿನ ಭಾಗದಿಂದ ನೋಡಬೇಕು. ಬಾದಾಮಿಯ ಗುಹೆಗಳ ಮೆಟ್ಟಿಲೇರುವ ಹಿರಿಯರು ಇದನ್ನು ನೆನಪಿಡುವುದು ಒಳ್ಳೆಯದು.

ಬೆಳಕಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಆದುದರಿಂದ ಕನ್ನಡಕ ಎಷ್ಟೇ ಸರಿಯಿದ್ದರೂ ಕತ್ತಲು ಮನೆಯಲ್ಲಿ ಸಾಲದು. ಛಾವಣಿಯ ನಡುವೆ ಒಂದೇ ಬಲ್ಬು ತೂಗುವ ಬದಲು, ಬಟ್ಟೆಯ ಮೇಲೆಯೇ ಬೀಳುವಂತೆ, ಕಣ್ಣಿಗೆ ನೇರ ಹೊಡೆಯದಂತೆ ಪಕ್ಕದಿಂದ ಒಂದು ಎಲ್‌ಇಡಿ ದೀಪ ಹಾಕಿಕೊಳ್ಳಿ.

ಸಂತೆಯಲ್ಲಿ ಕೊಳ್ಳಬಹುದೆ?

ಬನಶಂಕರಿ ಜಾತ್ರೆಯಲ್ಲೋ ಊರ ಸಂತೆಯಲ್ಲೋ ಹಾಸಿದ ಬಟ್ಟೆಯ ಮೇಲೆ ಸಾಲಾಗಿ ಇಟ್ಟ ಕನ್ನಡಕಗಳಲ್ಲಿ ಒಂದನ್ನು ಹಾಕಿ ನೋಡಿ, ಅಕ್ಷರ ಕಂಡರೆ ಕೊಳ್ಳುವುದು ರೂಢಿ. ವೈದ್ಯರು ಇದನ್ನು ಕೇಳಿದರೆ ಗದರುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರಡೂ ಕಣ್ಣಿನ ದೂರದ ನೋಟ ಚೆನ್ನಾಗಿದ್ದು, ಎರಡಕ್ಕೂ ಒಂದೇ ನಂಬರು ಸಾಕಾಗುವವರಿಗೆ ಸಿದ್ಧ ಕನ್ನಡಕದಿಂದ ಕೇಡಿಲ್ಲ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಕೊಟ್ಟದ್ದೂ ದುಬಾರಿ ಕನ್ನಡಕಗಳಲ್ಲ. ನಂಬರು ಹೆಚ್ಚು ಕಡಿಮೆಯಾದರೆ ತಲೆನೋವು ಬರಬಹುದು, ಕಣ್ಣು ಮಾತ್ರ ಹಾಳಾಗುವುದಿಲ್ಲ. ಒಂದು ಕಣ್ಣಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ನಂಬರಿದ್ದವರಿಗೆ, ಸಿಲಿಂಡರ್ ನಂಬರಿದ್ದವರಿಗೆ ಅದು ಒಗ್ಗದು.

ಆದರೆ ಸಂತೆಯ ಕನ್ನಡಕದ ನಿಜವಾದ ಅಪಾಯ ಗಾಜಿನಲ್ಲಿಲ್ಲ, ಆಸ್ಪತ್ರೆಗೆ ಹೋಗದೆ ಉಳಿಯುವುದರಲ್ಲಿದೆ. ನಲವತ್ತು ಎಂಬುದು ಕಣ್ಣಿನ ಇತರ ಕಾಯಿಲೆಗಳೂ ಕಾಲಿಡುವ ವಯಸ್ಸು. ಗ್ಲಾಕೋಮಾದಲ್ಲಿ ಕಣ್ಣಿನ ನರ ನೋವಿಲ್ಲದೆ ಸಾಯುತ್ತ ಹೋಗುತ್ತದೆ. ಮೊದಲು ಅಂಚಿನ ನೋಟ ಹೋಗುವುದರಿಂದ ಓದುವವರಿಗೆ ಗೊತ್ತೇ ಆಗದು. ಹೋದ ನೋಟ ಮರಳಿ ಬಾರದು, ಉಳಿದದ್ದನ್ನು ಹನಿ ಔಷಧದಿಂದ ಕಾಪಾಡಬಹುದು. ಸಕ್ಕರೆ ಕಾಯಿಲೆ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುವುದೂ ಆರಂಭದಲ್ಲಿ ಹೀಗೆಯೇ ಸದ್ದಿಲ್ಲದೆ. ಚಾಳೀಸಿಗೆಂದು ಹೋದಾಗ ಕಣ್ಣಿನ ಒತ್ತಡ ಅಳೆಸಿ, ಪಾಪೆ ಹಿಗ್ಗಿಸಿ ಹಿಂಭಾಗ ನೋಡಿಸಿಕೊಂಡರೆ ಇವೆರಡೂ ಸಿಕ್ಕಿಬೀಳುತ್ತವೆ. ಹೀಗಾಗಿ ಮೊದಲ ಜೋಡಿಯನ್ನು ಪರೀಕ್ಷೆ ಮಾಡಿಸಿಯೇ ಕೊಳ್ಳಿ. ಆ ಬಳಿಕ ಮಗ್ಗದಲ್ಲೊಂದು, ಮನೆಯಲ್ಲೊಂದು ಇರಲೆಂದು ಅದೇ ನಂಬರಿನ ಅಗ್ಗದ ಜೋಡಿ ಸಂತೆಯಲ್ಲಿ ಕೊಂಡರೆ ಯಾರೂ ತಪ್ಪೆನ್ನಲಾರರು. ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ, ಸಕ್ಕರೆ ಕಾಯಿಲೆಯಿದ್ದವರು ವರ್ಷಕ್ಕೊಮ್ಮೆ ಮಾಡಿಸಬೇಕು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರಿಕೆ. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಮಸೂರ ನೀರು ಹೀರಿ ಅದರ ಶಕ್ತಿಯೂ ಏರಿಳಿಯುತ್ತದೆ. ಆಗ ಮಾಡಿಸಿದ ಕನ್ನಡಕ ತಿಂಗಳೊಪ್ಪತ್ತಿನಲ್ಲಿ ಹೊಂದದಂತಾಗುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರಗಳಾದ ನಂತರವೇ ನಂಬರು ತೆಗೆಸಿ. ಇದಕ್ಕೆ ವಿರುದ್ಧವಾಗಿ, ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಲೇಸು. ಐವತ್ತೈದು-ಅರವತ್ತರ ಮೇಲೆ ಇದ್ದಕ್ಕಿದ್ದಂತೆ 'ಚಾಳೀಸಿಲ್ಲದೆ ಓದಲು ಬರತೊಡಗಿತು' ಎಂದು ಸಂಭ್ರಮಿಸುವ ಅಜ್ಜಂದಿರೂ ಇದ್ದಾರೆ. ಅದು ಬಹುಮಟ್ಟಿಗೆ ಪೊರೆ ಬೆಳೆಯುತ್ತಿರುವ ಸೂಚನೆ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಗಟ್ಟಿ ಕಾಗದಕ್ಕೆ ದಪ್ಪ ಸೂಜಿಯಿಂದ ಒಂದು ರಂಧ್ರ ಮಾಡಿ. ಒಂದು ಕಣ್ಣು ಮುಚ್ಚಿ, ರಂಧ್ರವನ್ನು ಇನ್ನೊಂದು ಕಣ್ಣಿಗೆ ಹತ್ತಿರ ಹಿಡಿದು ಒಳ್ಳೆಯ ಬೆಳಕಿನಲ್ಲಿ ಪತ್ರಿಕೆಯನ್ನು ನೋಡಿ. ಮಸುಕಾಗಿದ್ದ ಅಕ್ಷರ ತಿಳಿಯಾದರೆ ಕನ್ನಡಕದಿಂದ ಸರಿಹೋಗುವ ದೋಷ ಎನ್ನಬಹುದು. ತಿಳಿಯಾಗದಿದ್ದರೆ ಬೇರೇನೋ ಇದೆ. ತಡಮಾಡದೆ ವೈದ್ಯರನ್ನು ಕಾಣಬೇಕು. ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ಮುಖ್ಯ. ಒಂದು ಕಣ್ಣು ಮಂದವಾದುದನ್ನು ಇನ್ನೊಂದು ಕಣ್ಣು ವರ್ಷಗಟ್ಟಲೆ ಮುಚ್ಚಿಡಬಲ್ಲದು. ಹಠಾತ್ತನೆ ನೋಟ ಹೋಗುವುದು, ಕಣ್ಣೆದುರು ಮಿಂಚು ಅಥವಾ ಪರದೆ ಬಿದ್ದಂತಾಗುವುದು, ನೋವಿನೊಂದಿಗೆ ಕೆಂಪು, ದೀಪದ ಸುತ್ತ ಬಣ್ಣದ ಬಳೆ, ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮತ್ತು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವನ್ನು ವಿಚಾರಿಸಿ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೂ ನಡೆದಿದೆ. ರಾಜ್ಯ ಸರಕಾರದ 'ಆಶಾಕಿರಣ' ಯೋಜನೆಯಡಿ ಉಚಿತ ತಪಾಸಣೆ ಮತ್ತು ಕನ್ನಡಕ ಕೊಡುವ ವ್ಯವಸ್ಥೆಯಿದೆ. ನಿಮ್ಮ ಊರಿನಲ್ಲಿ ಅದು ಯಾವಾಗ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ.

ಹೆಣ್ಣುಮಕ್ಕಳು, ಮಕ್ಕಳು ಮತ್ತು ಕಲ್ಲು ಕೆಲಸದವರು

ಮನೆಯಲ್ಲಿ ಮೊದಲು ಕನ್ನಡಕ ಬರುವುದು ಗಂಡಸಿಗೆ. ಹೆಂಗಸು 'ನನಗ್ಯಾಕ, ನಾನೇನು ಓದಬೇಕೇನು' ಎನ್ನುತ್ತಾಳೆ. ಅಕ್ಕಿಯಲ್ಲಿಯ ಕಲ್ಲು ಆರಿಸುವುದು, ಗುಳಿಗೆಯ ಮೇಲಿನ ಅಕ್ಷರ ನೋಡುವುದು, ಮಗುವಿನ ತಲೆಯ ಹೇನು ತೆಗೆಯುವುದು, ಮೊಬೈಲಿನಲ್ಲಿ ಬಂದ ಬ್ಯಾಂಕಿನ ಸಂದೇಶ ಓದುವುದು, ಎಲ್ಲವೂ ಹತ್ತಿರದ ನೋಟದ ಕೆಲಸಗಳೇ. ಓದಲು ಬಾರದವರಿಗೂ ಚಾಳೀಸು ಬೇಕು. ಮದುವೆಗೆ ಬಂದ ಹುಡುಗಿಯ ಕನ್ನಡಕ ಬಚ್ಚಿಡುವ ತಾಯಂದಿರು ಅವಳನ್ನು ಅರೆಗುರುಡಿಯನ್ನಾಗಿ ಅತ್ತೆಯ ಮನೆಗೆ ಕಳಿಸುತ್ತಿದ್ದಾರೆ ಎಂದರೆ ಕಟುವಾದೀತು, ಆದರೆ ನಿಜ.

ಮಕ್ಕಳ ತೊಂದರೆ ಬೇರೆ. ಅವರಿಗೆ ಹೆಚ್ಚಾಗಿ ಬರುವುದು ಮೈನಸ್ ನಂಬರು, ದೂರದ ಹಲಗೆ ಕಾಣದಿರುವುದು. 'ಕನ್ನಡಕ ಹಾಕಿದರೆ ನಂಬರು ಏರುತ್ತದೆ' ಎಂದು ತೆಗೆಸಿಡಬೇಡಿ. ಕಣ್ಣುಗುಡ್ಡೆ ಉದ್ದ ಬೆಳೆಯುವುದರಿಂದ ನಂಬರು ಏರುತ್ತದೆ, ಗಾಜಿನಿಂದಲ್ಲ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಈ ದೋಷ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಒಂದೇ ಕಣ್ಣಿಗೆ ದೋಷವಿರುವ ಮಗುವಿಗೆ ಏಳೆಂಟು ವರ್ಷದೊಳಗೆ ಕನ್ನಡಕ ಹಾಕದಿದ್ದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಕಲಿಯುವುದಿಲ್ಲ. ಆಮೇಲೆ ಎಂಥ ಗಾಜು ಹಾಕಿದರೂ ಪೂರ್ತಿ ನೋಟ ಬರುವುದು ಕಷ್ಟ.

ಇಳಕಲ್ ಎಂದರೆ ಸೀರೆಯಷ್ಟೇ ಅಲ್ಲ, ಕೆಂಪು ಗ್ರಾನೈಟ್ ಕೂಡ. ಕಲ್ಲು ಒಡೆಯುವಾಗ, ಕೊರೆಯುವಾಗ ಚಾಳೀಸು ಹಾಕಿಕೊಂಡರೆ ಕಣ್ಣಿಗೆ ರಕ್ಷಣೆ ಸಿಕ್ಕಿತೆಂದು ಭಾವಿಸುವುದು ದೊಡ್ಡ ತಪ್ಪು. ಸಾದಾ ಗಾಜು ಚೂರು ತಗುಲಿ ಒಡೆದರೆ ಅದೇ ಕಣ್ಣಿಗೆ ಚುಚ್ಚುತ್ತದೆ. ಪಕ್ಕಗಳನ್ನೂ ಮುಚ್ಚುವ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕವನ್ನು ಚಾಳೀಸಿನ ಮೇಲೆಯೇ ಹಾಕಿಕೊಳ್ಳಬಹುದು. ಕಣ್ಣಿಗೆ ಚೂರು ಬಿದ್ದರೆ ಉಜ್ಜಬಾರದು, ಗೆಳೆಯರಿಂದ ಬಟ್ಟೆಯ ತುದಿಯಲ್ಲೋ ಕಡ್ಡಿಯಲ್ಲೋ ತೆಗೆಸಲೂಬಾರದು.

ಕೊನೆಗೆ ಕನ್ನಡಕದ ಆರೈಕೆ. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು, ಗಂಜಿಯ ಕಣ ಗಾಜಿನ ಮೇಲೆ ಕೂರುತ್ತವೆ. ಒಣ ಧೂಳನ್ನು ಸೀರೆಯ ಸೆರಗಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ಈಗಿನ ಗಾಜುಗಳು ಬಹುತೇಕ ಪ್ಲಾಸ್ಟಿಕ್ಕಿನವು. ಮೊದಲು ನೀರಿನಲ್ಲಿ ಅದ್ದಿ, ಒಂದು ಹನಿ ಸೋಪು ಹಾಕಿ ಬೆರಳಿನಿಂದ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಗಾಜು ಕೆಳಗಾಗಿ ಇಡಬೇಡಿ. ಕಡ್ಡಿ ಸಡಿಲಾಗಿ ಮೂಗಿನ ಮೇಲಿಂದ ಜಾರುತ್ತಿದ್ದರೆ ದಾರ ಕಟ್ಟಿ ಬಳಸುವ ಬದಲು ಅಂಗಡಿಗೆ ಒಯ್ದು ಸ್ಕ್ರೂ ಬಿಗಿ ಮಾಡಿಸಿ. ಅದಕ್ಕೆ ಹೆಚ್ಚಿನ ಅಂಗಡಿಯವರು ದುಡ್ಡನ್ನೂ ಕೇಳುವುದಿಲ್ಲ.